ಚಪ್ಪಲಿ ಬಿಲ್ಲೆ ಬಂದ ಮೇಲೆ ಗಾಗಲ್ಸ್ ಕಳೆಯುವುದು ನಿಂತಿತು

ಕೋಲಾರದ ನಮ್ಮ ಲೇಔಟಿನ ಈಜುಕೊಳದಲ್ಲಿ ಮೂರು ಬೇಸಿಗೆ ಹೆಣಗಿದ ಮೇಲೆ, ನಾಲ್ಕನೆಯದರಲ್ಲಿ ಮಕ್ಕಳ ಸಾಮಾನಿನ ರಗಳೆ ಹತೋಟಿಗೆ ಬಂತು. ಅದಲು ಬದಲಾಗುವುದು, ಕಳೆಯುವುದು, ಕೇಳದೆ ಎತ್ತಿಕೊಳ್ಳುವುದು, ಮೂರೂ. "ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ತಂದು ಈಜುಕೊಳದಲ್ಲಿ ಇಡ್ತೀರಾ?" ಎಂದು ಕಮಿಟಿಯಲ್ಲಿ ಅರ್ಧ ಜನ ಕೇಳಿದ್ದರು. ಇಟ್ಟೆವು, ಚಪ್ಪಲಿ ಇಟ್ಟುಕೊಂಡು ನಂಬರಿನ ಬಿಲ್ಲೆ ಕೊಡುವ ಅದೇ ಕ್ರಮ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸಂಜೆ ಹೊತ್ತು ಮೂವತ್ತೈದರಿಂದ ನಲವತ್ತೈದು ಮಕ್ಕಳು ಇಳಿಯುವ ಕೊಳ ಇದು. ಹಿಂದಿನ ವರ್ಷ ವಾರಕ್ಕೆ ಹತ್ತು ಹನ್ನೆರಡು ದೂರು ಬರುತ್ತಿದ್ದವು. ಈ ಸಲ ಇಡೀ ರಜೆಗೆ ಬಂದದ್ದು ಐದೋ ಆರೋ. ಬೇರೆ ಲೇಔಟಿನವರು ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ. ಕ್ಲೋರಿನ್, ಫಿಲ್ಟರ್, ಬ್ಯಾಕ್‌ವಾಷ್ ವಿಷಯ ಕೊಳ ನಡೆಸುವವರಿಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ದಾರಿ ಸಿಕ್ಕಿದ್ದು ದೂರಿನ ಪುಸ್ತಕದಿಂದ. "ಕಳವು" ಎಂದು ಬರೆಸಿದ್ದ ಸುಮಾರು ನಲವತ್ತು ದೂರುಗಳನ್ನು ಹಿಡಿದು ಒಂದೊಂದರ ಹಿಂದೆ ಹೋದೆವು. ಹದಿಮೂರು ಹದಿನಾಲ್ಕು ಸಾಮಾನು ಕೊಳ ಬಿಟ್ಟು ಹೋಗಿರಲೇ ಇಲ್ಲ. ಕೊಳದ ಅಂಚಿನಿಂದ ಉಕ್ಕಿದ ನೀರು ಹರಿಯುವ ಓವರ್‌ಫ್ಲೋ ಚಾನಲ್ಲಿನ ಜಾಲರಿ ಕೆಳಗೆ, ಆ ನೀರು ಹೋಗಿ ಸೇರುವ ಬ್ಯಾಲೆನ್ಸ್ ಟ್ಯಾಂಕಿನ ಬಾಯಲ್ಲಿ, ಬೆಂಚಿನ ಹಿಂದೆ, ಶವರ್ ಗೋಡೆಯ ತಲೆಯ ಮೇಲೆ ಸಿಕ್ಕವು. ಹದಿನೈದರಷ್ಟು ಅದಲು ಬದಲು: ಒಂದೇ ಅಂಗಡಿಯಿಂದ ತಂದ ಒಂದೇ ನೀಲಿ ಗಾಗಲ್ಸ್, ಒಂದೇ ಕಪ್ಪು ಕ್ಯಾಪ್. ಏಳೆಂಟು "ಸ್ವಲ್ಪ ಹೊತ್ತು ಕೊಡೋ" ಎಂದು ಇಸಿದುಕೊಂಡು ಮರೆತದ್ದು. ಬೇಕೆಂದೇ ಎತ್ತಿ ಚೀಲಕ್ಕೆ ಹಾಕಿಕೊಂಡದ್ದು ಮೂರೋ ನಾಲ್ಕೋ. ಅಲ್ಲಿಯವರೆಗೆ ನಾವು ಸುರಿದಿದ್ದ ದುಡ್ಡೆಲ್ಲ ಈ ಮೂರು ನಾಲ್ಕನ್ನು ಹಿಡಿಯುವುದಕ್ಕೆ. ಉಳಿದ ಮೂವತ್ತಾರಕ್ಕೆ ಬೇಕಾಗಿದ್ದದ್ದು ವಾಪಸ್ ಇಡುವುದಕ್ಕೊಂದು ಜಾಗ, ವಾಪಸ್ ಇಡದೆ ಮನೆಗೆ ಹೋಗಲಾಗದಂಥ ಒಂದು ಕೊಂಡಿ.

ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ, ಇನ್ನೊಬ್ಬರದು ಉಳಿಯಲಿ. ಮೊದಲ ವರ್ಷ ಸ್ಟೀಲ್ ಲಾಕರ್ ತಂದೆವು, ಇಪ್ಪತ್ತನಾಲ್ಕು ಬಾಗಿಲಿನದು, ಸುಮಾರು ₹38,000. ಕ್ಲೋರಿನ್ ಆವಿ ತಾಗುವ ಜಾಗದಲ್ಲಿ ಪೌಡರ್ ಕೋಟಿಂಗ್ ಮೊದಲು ಕೀಲಿನ ಹತ್ತಿರ ಎದ್ದು ಬರುತ್ತದೆ, ಅಲ್ಲಿಂದ ತುಕ್ಕು ಹಿಡಿದು ಒಂದೇ ವರ್ಷಕ್ಕೆ ಬಾಗಿಲು ಕಿರುಗುಟ್ಟಿ ನಿಲ್ಲುತ್ತದೆ. ಚಿಕ್ಕ ಮಕ್ಕಳಿಗೆ ಮೇಲಿನ ಸಾಲು ಎಟುಕುವುದಿಲ್ಲ. ಚಡ್ಡಿಗೆ ಪಿನ್ ಮಾಡಿಕೊಟ್ಟ ಕೀ ನೀರಿನ ತಳದಲ್ಲಿ. ತಿಂಗಳಿಗೆ ಎಂಟು ಹತ್ತು ಕೀ ಮಾಡಿಸಿದ್ದೂ ಉಂಟು. ಎಲ್ಲಕ್ಕಿಂತ ಮುಖ್ಯ, ಗಾಗಲ್ಸು, ಕಿಕ್‌ಬೋರ್ಡು (ಕೈಯಲ್ಲಿ ಹಿಡಿದು ಈಜುವ ಫೋಮ್ ಹಲಗೆ) ನೀರಿನ ಪಕ್ಕದಲ್ಲೇ ಬೇಕು. ಲಾಕರಿನ ಒಳಗಿದ್ದದ್ದು ಟವೆಲ್ ಮಾತ್ರ.

ಎರಡನೇ ವರ್ಷ ಕ್ಯಾಮೆರಾ, ₹22,000. ಬಟ್ಟೆ ಬದಲಿಸುವ ಕೋಣೆಯ ಕಡೆಗೆ ಕ್ಯಾಮೆರಾ ತಿರುಗಿಸುವಂತಿಲ್ಲ, ತಿರುಗಿಸಲೂಬಾರದು. ಕೊಳದ ಮೇಲೆ ಹಾಕಿದರೆ ಸಂಜೆ ನಾಲ್ಕೂವರೆಯಿಂದ ಐದೂವರೆವರೆಗೆ ನೀರಿನ ಹೊಳಪಿಗೆ ಅರ್ಧ ಚಿತ್ರ ಬೆಳ್ಳಗಾಗುತ್ತದೆ. ಕ್ಯಾಪ್ ಹಾಕಿ ಗಾಗಲ್ಸ್ ಏರಿಸಿದ ಮಕ್ಕಳಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಒಂದು ತುಣುಕು ವಾಟ್ಸಾಪ್ ಗುಂಪಿಗೆ ಹೋಗಿ ಒಂದು ಮಗುವಿಗೆ ಕಳ್ಳ ಎಂಬ ಹೆಸರು ಬಿತ್ತು. ಆ ಮಗು ತೆಗೆದುಕೊಂಡು ಹೋಗುತ್ತಿದ್ದದ್ದು ಅದರದೇ ಟ್ಯೂಬ್. ಆ ಮನೆಯವರು ಕೊಳಕ್ಕೆ ಬರುವುದನ್ನೇ ಬಿಟ್ಟರು. ಅವತ್ತಿನಿಂದ ಕ್ಯಾಮೆರಾ ನೀರಿನ ಸುರಕ್ಷತೆಗೆ ಮಾತ್ರ, ಸಾಮಾನಿನ ವಿಚಾರಕ್ಕೆ ತುಣುಕು ತೆಗೆಯುವುದೇ ಇಲ್ಲ ಎಂದು ಬರೆದು ಸಹಿ ಮಾಡಿದ್ದೇವೆ.

ದಂಡ ಹಾಕಿ ನೋಡಿದೆವು, ವಾಪಸ್ ಇಡದಿದ್ದರೆ ₹50. ಎರಡೇ ವಾರದಲ್ಲಿ ಅದು ಬಾಡಿಗೆ ಆಯಿತು. "ಐವತ್ತು ಕೊಟ್ಟಿದ್ದೀವಲ್ಲ" ಎಂದು ಕಿಕ್‌ಬೋರ್ಡನ್ನು ಮೂರು ದಿನ ಮನೆಯಲ್ಲಿ ಇಟ್ಟುಕೊಂಡವರಿದ್ದಾರೆ. ನೂರು ರೂಪಾಯಿ ಠೇವಣಿಯೂ ನಡೆಯಲಿಲ್ಲ, ಈಜು ಚಡ್ಡಿಯಲ್ಲಿ ಬರುವ ಮಗುವಿನ ಹತ್ತಿರ ನೋಟು ಎಲ್ಲಿರುತ್ತದೆ. ಹೋಗುವಾಗ ಗೇಟಿನಲ್ಲಿ ಚೀಲ ಬಿಚ್ಚಿಸಿ ನೋಡುವುದನ್ನು ನಾಲ್ಕು ದಿನ ಮಾಡಿ ನಿಲ್ಲಿಸಿದೆವು. ಮಕ್ಕಳ ಮುಖ ನೋಡಲಾಗಲಿಲ್ಲ.

ಈಗ ನಡೆಯುತ್ತಿರುವ ಕ್ರಮ ಹೀಗೆ. ಒಳಗೆ ಬರುವ ಮಗು ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಕೊಡಬೇಕು. ಚಪ್ಪಲಿ 17ನೇ ಗೂಡಿಗೆ, 17ರ ಬಿಲ್ಲೆ ಮಗುವಿನ ಕೈಗೆ. ಒಳಗೆ ಹಲಗೆಯ ಮೇಲೆ ಗೂಟ ಹೊಡೆದು ಕಿಕ್‌ಬೋರ್ಡ್, ಗಾಗಲ್ಸ್, ಈಜುವಾಗ ಪಾದಕ್ಕೆ ಹಾಕಿಕೊಳ್ಳುವ ಫಿನ್ ನೇತು ಹಾಕಿದೆ. ಕಿಕ್‌ಬೋರ್ಡ್ ಬೇಕೇ, ಅದರ ಗೂಟಕ್ಕೆ ನಿನ್ನ ಬಿಲ್ಲೆ ಹಾಕು, ಬೋರ್ಡ್ ತಗೋ. ಮುಗಿದ ಮೇಲೆ ಬೋರ್ಡ್ ತೂಗುಹಾಕು, ಬಿಲ್ಲೆ ತಗೋ. ಬಿಲ್ಲೆ ಕೊಟ್ಟರೆ ಚಪ್ಪಲಿ. ಬೇಸಿಗೆಯಲ್ಲಿ ಇಲ್ಲಿ ಮೂವತ್ತೈದು ಡಿಗ್ರಿ ದಾಟಿದ ದಿನ ಹೊರಗಿನ ಪೇವರ್ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಹತ್ತು ಹೆಜ್ಜೆ ಇಡಲಾಗುವುದಿಲ್ಲ, ಖಾಲಿ ಸೈಟುಗಳ ತುಂಬ ನೆಗ್ಗಿಲು ಮುಳ್ಳು. ಅದಕ್ಕಿಂತ ದೊಡ್ಡದು, ಚಪ್ಪಲಿ ಇಲ್ಲದೆ ಮನೆಗೆ ಹೋದರೆ ಬಾಗಿಲಲ್ಲೇ ಅಮ್ಮನ ಮೊದಲ ಪ್ರಶ್ನೆ ಅದೇ. ಹಾಗಾಗಿ ಕಾವಲಿನವರು ಒಂದು ಮಾತೂ ಆಡದೆ ಬೋರ್ಡ್ ಗೂಟಕ್ಕೆ ಬಂದು ಸೇರುತ್ತದೆ.

ಒಂದು ಬಿಲ್ಲೆಗೆ ಒಂದೇ ಸಾಮಾನು. ಮೊದಲು ಒಂದೇ ಮಗು ಬೋರ್ಡು, ಫಿನ್ನು, ಟ್ಯೂಬು ಮೂರನ್ನೂ ಬಗಲಲ್ಲಿ ಇಟ್ಟುಕೊಂಡು ಕೂರುತ್ತಿತ್ತು. ಅದು ತಾನಾಗಿಯೇ ನಿಂತಿತು, ಇದನ್ನು ನಾವು ಯೋಚಿಸಿಯೇ ಇರಲಿಲ್ಲ.

ಕಷ್ಟದ ಜಾಗ ಕೈ ಬದಲಾವಣೆ. ಬೋರ್ಡ್ ತೆಗೆದುಕೊಂಡದ್ದು ಒಬ್ಬ, ನೀರಿನ ನಡುವೆ ಅದು ಇನ್ನೊಬ್ಬನ ಕೈಗೆ ಹೋಗಿ, ಅವನು ಆರು ಗಂಟೆಗೆ ಅದನ್ನು ಮೂಲೆಯಲ್ಲಿ ಬಿಟ್ಟು ಹೋದರೆ, ಮೊದಲನೆಯವನ ಬಿಲ್ಲೆ ಗೂಟದಲ್ಲಿ ಸಿಕ್ಕಿಬಿದ್ದಿರುತ್ತದೆ. ಮೊದಲ ವಾರ ಇದೇ ಅಳು. ಅದಕ್ಕೆ ಹಾಕಿದ ನಿಯಮ: ಕೈ ಬದಲಾಗುವುದು ಹಲಗೆಯ ಮುಂದೆ ಮಾತ್ರ. ಇಬ್ಬರೂ ನೀರಿನಿಂದ ಮೇಲೆ ಬಂದು, ತೆಗೆದುಕೊಳ್ಳುವವನು ತನ್ನ ಬಿಲ್ಲೆ ಹಾಕಿದ ಮೇಲೆ ಕೊಡುವವನು ತನ್ನದನ್ನು ತೆಗೆಯುತ್ತಾನೆ. ಎರಡನೇ ವಾರಕ್ಕೆ ಮಕ್ಕಳೇ ಇದನ್ನು ಕಾಯತೊಡಗಿದರು. ಆರು ವರ್ಷದ ಹುಡುಗಿ ಬೋರ್ಡನ್ನು ಎದೆಗೆ ಅವುಚಿಕೊಂಡು ನಿಂತಿರುತ್ತಾಳೆ, ಅವಳಿಗಿಂತ ಒಂದಡಿ ಎತ್ತರದ ಹುಡುಗ ಕೈ ಚಾಚಿರುತ್ತಾನೆ. "ಮೊದ್ಲು ನಿನ್ ಬಿಲ್ಲೆ ಹಾಕು ಅಣ್ಣ, ಆಮೇಲೆ ಕೊಡ್ತೀನಿ." ಅವನು ಹಾಕುತ್ತಾನೆ. ಅವಳು 23 ತೆಗೆದು ಮಣಿಕಟ್ಟಿಗೆ ಏರಿಸಿ, ಅದು ತನ್ನದೇ ಹೌದೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಬೋರ್ಡ್ ಬಿಡುತ್ತಾಳೆ. ಮೂರು ವರ್ಷ ಸೀಟಿ ಊದಿದರೂ ಆಗದ ಕೆಲಸ ಇದು.

ಸ್ವಂತ ಸಾಮಾನಿಗೆ ಟೊಮೆಟೊ ಕ್ರೇಟ್. ಕೋಲಾರದಲ್ಲಿ ಇದಕ್ಕಿಂತ ಅಗ್ಗದ, ಗಟ್ಟಿಯಾದ ಪೆಟ್ಟಿಗೆ ಸಿಗುವುದಿಲ್ಲ. ಎಪಿಎಂಸಿ ಮಾರುಕಟ್ಟೆಗೆ ಹದಿನೈದು ಕೆ.ಜಿ. ಹಣ್ಣು ತರುವ ಕ್ರೇಟ್, ಹಳೆಯದು ₹90ರ ಆಸುಪಾಸಿಗೆ ಸಿಕ್ಕಿತು. ನೀರು ಇಳಿದುಹೋಗುತ್ತದೆ, ಗಾಳಿ ಆಡುತ್ತದೆ, ಒಂದರ ಮೇಲೊಂದು ಕೂರುತ್ತದೆ, ತುಕ್ಕಿನ ಮಾತೇ ಇಲ್ಲ. ತಂದ ತಕ್ಷಣ ಸೋಪಿನ ನೀರಲ್ಲಿ ಒಂದು ರಾತ್ರಿ ಮುಳುಗಿಸಿ ಬ್ರಷ್ ಹೊಡೆಯಿರಿ, ತೋಟದ ಔಷಧದ ಅಂಶ ಮೂಲೆಗಳಲ್ಲಿ ಕೂತಿರುತ್ತದೆ. ಒಡೆದ ಅಂಚಿರುವುದನ್ನು ತೆಗೆದುಕೊಳ್ಳಬೇಡಿ, ಮಕ್ಕಳ ಕೈ ಹೆರೆಯುತ್ತದೆ. ಬಿಲ್ಲೆಯ ನಂಬರೇ ಕ್ರೇಟಿನ ನಂಬರು. ಟವೆಲ್, ಬಾಟಲಿ, ಸ್ವಂತ ಗಾಗಲ್ಸ್ ಅದರೊಳಗೆ. ಗೆಳೆಯನ ಗಾಗಲ್ಸ್ ಬೇಕಾದರೆ ಅವನನ್ನು ಕೇಳಿ, ಅವನ ಕ್ರೇಟಿನ ಕಂಬಿಗೆ ನಿನ್ನ ಬಿಲ್ಲೆ ಸಿಕ್ಕಿಸಿ ತಗೋ. ಕ್ರೇಟಿನ ಹೊರಗೆ ಬಿದ್ದದ್ದು ಯಾರದೇ ಇರಲಿ, ಸಿಕ್ಕಿದ್ದರ ಪೆಟ್ಟಿಗೆಗೆ ಹೋಗುತ್ತದೆ. ಈ ಕೊನೆಯ ನಿಯಮ ಅಪ್ಪ ಅಮ್ಮಂದಿರಿಗೆ ರುಚಿಸಲಿಲ್ಲ, ಆದರೂ ಬಿಡಲಿಲ್ಲ. "ನಾನು ಇಲ್ಲೇ ಇಟ್ಟಿದ್ದೆ" ಎನ್ನುವ ಜಗಳದ ಬೇರು ಅಲ್ಲೇ ಇತ್ತು.

ಬಿಲ್ಲೆಯ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಬೇಡ. ಕೊಳದ ನೀರಿಗೆ ಬೂದು ಬಣ್ಣ ತಿರುಗಿ ನಂಬರ್ ಮಸುಕಾಗುತ್ತದೆ. ಹಿತ್ತಾಳೆ ಚೆನ್ನ, ದುಬಾರಿ. ನಾವು ಮಾಡಿಸಿದ್ದು ಅಕ್ರಿಲಿಕ್ಕಿನದು: 4 ಮಿ.ಮೀ. ದಪ್ಪ, 45 ಮಿ.ಮೀ. ಅಗಲ, ಅಂಚಿನಲ್ಲಿ 6 ಮಿ.ಮೀ. ತೂತು, ನಂಬರ್ ಲೇಸರಿನಲ್ಲಿ ಕೊರೆದದ್ದು, ಒಂದಕ್ಕೆ ₹18. ಮೊದಲ ಕಂತು ನೀಲಿ ಬಣ್ಣದ್ದು ತಂದು ಕೆಟ್ಟೆವು. ನೀಲಿ ಟೈಲ್ಸಿನ ತಳಕ್ಕೆ ಬಿದ್ದ ನೀಲಿ ಬಿಲ್ಲೆ ಕಾಣುವುದೇ ಇಲ್ಲ, ಅಕ್ರಿಲಿಕ್ ತೇಲುವುದೂ ಇಲ್ಲ. ಈಗಿನದು ಕಿತ್ತಳೆ ಬಣ್ಣ, ಐದಡಿ ಆಳದಲ್ಲೂ ಎದ್ದು ಕಾಣುತ್ತದೆ. ದಾರ ಕೈಗೆ ಮಾತ್ರ, ಕೊರಳಿಗೆ ಯಾವ ಕಾರಣಕ್ಕೂ ಬೇಡ. ಬೆರಳಗಲದ ಚಪ್ಪಟೆ ಎಲಾಸ್ಟಿಕ್ ಹಾಕಿ, ಜೋರಾಗಿ ಎಳೆದರೆ ಗಂಟು ಬಿಚ್ಚಿಕೊಳ್ಳುವ ಹಾಗೆ ಕಟ್ಟಬೇಕು. ಏಣಿಗೋ ಜಾಲರಿಗೋ ಸಿಕ್ಕಿದರೆ ದಾರ ಸೋಲಬೇಕು, ಕೈ ಸೋಲಬಾರದು. ಆ ಗಂಟು ಹಾಕುವ ಬಗೆಯನ್ನು ಬರೆದು ತೋರಿಸಲಾಗುವುದಿಲ್ಲ, ಬಂದವರಿಗೆ ಕೈಯಲ್ಲೇ ಕಲಿಸಿಕೊಡುತ್ತೇನೆ.

ಹಲಗೆ ಪ್ಲೈವುಡ್ಡಿನದು ಬೇಡ, ಮರೈನ್ ಅಂದರೂ ಅಂಚು ಉಬ್ಬುತ್ತದೆ. 12 ಮಿ.ಮೀ. ಪಿವಿಸಿ ಫೋಮ್ ಶೀಟ್, ಎಂಟು ನಾಲ್ಕಡಿಯದು. ಗೂಟಕ್ಕೆ ಮೊದಲು ಅಗ್ಗದ ಸ್ಟೀಲ್ ಕೊಕ್ಕೆ ಹಾಕಿದ್ದೆವು, 202 ಗ್ರೇಡಿನದು, ಮೂರು ವಾರಕ್ಕೆ ಕಂದು ನೀರು ಇಳಿಯಿತು. ಈಗಿನ ಗೂಟ ಅರ್ಧ ಇಂಚಿನ ಸಿಪಿವಿಸಿ ಪೈಪಿನ ತುಂಡು, ಮೂರು ಇಂಚು ಉದ್ದ, ತುದಿ ಸ್ವಲ್ಪ ಮೇಲಕ್ಕೆ ಎದ್ದಿರುವಂತೆ ಓರೆಯಾಗಿ ಕೂರಿಸಿ, ತುದಿಗೆ ಎಂಡ್ ಕ್ಯಾಪ್. ಕ್ಯಾಪ್ ಇಲ್ಲದ ಪೈಪು ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಅದನ್ನು ಮರೆಯಲೇಬಾರದು. ಪ್ಲಂಬರ್ ಬಿಟ್ಟುಹೋದ ತುಂಡುಗಳೇ ಸಾಕಾದವು, ಕ್ಯಾಪು ಗಮ್ಮು ಸೇರಿ ₹300. ಪ್ರತಿ ಗೂಟದ ಹಿಂದೆ ಆ ಸಾಮಾನಿನ ನೆರಳಿನ ಆಕಾರವನ್ನು ಎನಾಮಲ್ ಪೇಂಟಿನಲ್ಲಿ ತುಂಬಿದ್ದೇವೆ. ಓದು ಬಾರದ ನಾಲ್ಕು ವರ್ಷದ ಮಗುವೂ ಫಿನ್ನನ್ನು ಫಿನ್ನಿನ ನೆರಳಿನ ಮೇಲೇ ತೂಗುಹಾಕುತ್ತದೆ. ಹನ್ನೆರಡು ಬೋರ್ಡ್, ಹತ್ತು ಗಾಗಲ್ಸ್, ಆರು ಜೊತೆ ಫಿನ್, ಎಂಟು ಉದ್ದನೆಯ ಫೋಮ್ ಕೊಳವೆ, ಒಟ್ಟು ಮೂವತ್ತಾರು ಗೂಟ. ಮೂವತ್ತೇಳನೆಯದೊಂದು ಇದೆ, ಅದರ ಮೇಲೆ ಏನೂ ಇಲ್ಲ. ಅದು ಅಲ್ಲಿ ಯಾಕಿದೆ ಎಂದು ನಮ್ಮ ಕಾವಲಿನವರಿಗೆ ಗೊತ್ತು, ಬರೆದುಬಿಟ್ಟರೆ ಅದರ ಉಪಯೋಗ ಹೋಗುತ್ತದೆ.

ಖರ್ಚು: ಕ್ರೇಟ್ ಐವತ್ತು, ₹4,500. ಹಲಗೆ ₹3,200. ಬಿಲ್ಲೆ ಎಂಬತ್ತು, ₹1,440. ಚಪ್ಪಲಿ ಗೂಡಿಗೆ ಸ್ಲಾಟೆಡ್ ಆಂಗಲ್ ಮತ್ತು ತಗಡು ಸೇರಿ ₹3,800. ಬಡಗಿಗೆ ಒಂದೂವರೆ ದಿನಕ್ಕೆ ₹1,800. ಬಣ್ಣ, ಎಲಾಸ್ಟಿಕ್, ಗೂಟ ಎಲ್ಲ ಸೇರಿ ಇನ್ನೊಂದು ಸಾವಿರ. ₹16,000 ಮುಟ್ಟಲಿಲ್ಲ. ಲಾಕರಿಗೂ ಕ್ಯಾಮೆರಾಕ್ಕೂ ಹೋದದ್ದು ಅರವತ್ತು ಸಾವಿರ. ಕಮಿಟಿಯ ಮುಂದೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟೆ.

ಗೂಡಿನಲ್ಲಿ ಕೆಟ್ಟದ್ದೂ ಇದೆ. ಬಿಲ್ಲೆ ಎಗರಿಸಿ ಬೇರೆಯವರ ಹೊಸ ಚಪ್ಪಲಿ ಕೇಳಿದ ಪ್ರಸಂಗ ಎರಡು ಬಾರಿ ಆಯಿತು. ಈಗ ಚಪ್ಪಲಿಯನ್ನು ಕೈಗೆ ಕೊಡುವುದಿಲ್ಲ, ಕಾಲ ಮುಂದೆ ಇಡುತ್ತಾರೆ: "ಹಾಕ್ಕೋ ಕಂದ." ಅಳತೆ ಕೂಡದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಯಾರನ್ನೂ ಏನೂ ಕೇಳಬೇಕಾಗುವುದಿಲ್ಲ. ಪಕ್ಕದ ಮನೆಯಿಂದ ಬರಿಗಾಲಲ್ಲೇ ಓಡಿ ಬರುವ ಮಕ್ಕಳಿಗೆ ಮೇಲಂಗಿಯೇ ಚಪ್ಪಲಿ, ಅದೇ ಗೂಡಿಗೆ. ಎಲ್ಲರೂ ಆರು ಗಂಟೆಗೆ ಒಟ್ಟಿಗೆ ಎದ್ದರೆ ಇಪ್ಪತ್ತು ನಿಮಿಷ ಸಾಲು. ಎಂಟು ವರ್ಷದ ಒಳಗಿನವರನ್ನು ಹತ್ತು ನಿಮಿಷ ಮೊದಲೇ ಎಬ್ಬಿಸಿದ ಮೇಲೆ ಸಾಲು ಐದಾರು ನಿಮಿಷಕ್ಕೆ ಇಳಿಯಿತು. ಇದರಲ್ಲಿ ಎಲ್ಲರಿಗಿಂತ ಹೆಚ್ಚು ಅಡ್ಡಿ ಮಾಡಿದವರು ಅವಸರದಲ್ಲಿರುವ ದೊಡ್ಡವರು. "ನಮ್ಮ ಮಗೂದು ಅದೇರೀ, ಕೊಡಿ" ಎಂದು ಬಿಲ್ಲೆ ಇಲ್ಲದೆ ಚಪ್ಪಲಿ ಎಳೆದುಕೊಂಡು ಹೋದರೆ ಆ ಸಂಜೆಯ ಲೆಕ್ಕವೆಲ್ಲ ಹಾಳು. ದೊಡ್ಡವರ ಚಪ್ಪಲಿಗೂ ಬಿಲ್ಲೆ ಮಾಡಿದ ಮೇಲೆ ಮಾತು ನಿಂತಿತು.

ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ಎಲ್ಲರೂ ನೀರಿನಿಂದ ಮೇಲೆ. ಇದು ಸುಸ್ತು ಕಳೆಯುವುದಕ್ಕೂ ಬೇಕು, ಎಣಿಕೆಗೂ ಬೇಕು. ನೆರಳಿನ ಆಕಾರ ಖಾಲಿ ಕಂಡು ಅದರ ಮೇಲೆ ಬಿಲ್ಲೆಯೂ ಇಲ್ಲದಿದ್ದರೆ ಸಾಮಾನು ತಪ್ಪಿದೆ ಎಂದರ್ಥ. ಎಣಿಸಲು ಮೂರು ನಿಮಿಷ ಸಾಕು. ಆಗ ಮೊದಲು ನೋಡುವುದು ಓವರ್‌ಫ್ಲೋ ಜಾಲರಿ, ಅದರಲ್ಲೂ ಸಂಜೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಕಡೆಯ ಅಂಚು. ಸುಮ್ಮನೆ ಹತ್ತು ಮೀಟರ್ ಹುಡುಕುವುದು ತಪ್ಪುತ್ತದೆ.

ಒಂದನ್ನು ಮಾತ್ರ ಸಾಮಾನಿನ ಲೆಕ್ಕಕ್ಕೆ ಸೇರಿಸಬಾರದು, ಇದನ್ನು ಕೈಮುಗಿದು ಹೇಳುತ್ತೇನೆ. ಈಜು ಬಾರದ ಮಗು ತೊಟ್ಟಿರುವ ತೋಳುಪಟ್ಟಿಯನ್ನೋ ಟ್ಯೂಬನ್ನೋ ಇನ್ನೊಂದು ಮಗು ಕಸಿದುಕೊಂಡರೆ ಅದು ಮುಳುಗುವ ಅಪಾಯ, ಎರಡೂ ಮಕ್ಕಳಿಗೆ. ಕಳೆದುಕೊಂಡದ್ದು ನಿಂತ ಜಾಗದಲ್ಲೇ ಮುಳುಗಬಹುದು. ಕಸಿದುಕೊಂಡದ್ದು ಅದರ ಧೈರ್ಯದಲ್ಲಿ ಆಳಕ್ಕೆ ಹೋಗುತ್ತದೆ. ಗಾಳಿ ತುಂಬುವ ಯಾವುದೂ ನಮ್ಮ ಹಲಗೆಯ ಮೇಲಿಲ್ಲ, ಅದಕ್ಕೆ ಎರವಲೂ ಇಲ್ಲ. ಈಜು ಬಾರದ ಮಗು ನೀರಿಗಿಳಿದರೆ ಮನೆಯವರೊಬ್ಬರು ಕೈಗೆಟುಕುವ ದೂರದಲ್ಲಿ ನೀರಿನಲ್ಲೇ ಇರಬೇಕು. ಜೀವರಕ್ಷಕ ರಿಂಗನ್ನು ಮಕ್ಕಳು ಟ್ಯೂಬಿನಂತೆ ಎಳೆದುಕೊಂಡು ಹೋಗುವುದೂ ಇತ್ತು. ಅದಕ್ಕೆ ಬೀಗ ಹಾಕುವಂತಿಲ್ಲ. ಐದೂವರೆ ಅಡಿ ಎತ್ತರಕ್ಕೆ ಏರಿಸಿ, ಒಂದೆಳೆ ಹತ್ತಿ ದಾರದಲ್ಲಿ ಕಟ್ಟಿದ್ದೇವೆ. ಎಳೆದರೆ ತಕ್ಷಣ ಹರಿಯುತ್ತದೆ, ಹರಿದಿದ್ದರೆ ಯಾರೋ ಮುಟ್ಟಿದ್ದಾರೆಂದು ದೂರದಿಂದಲೇ ತಿಳಿಯುತ್ತದೆ. ರಿಂಗಿನ ಆಸೆ ತೀರಿಸಲು ಹಳ್ಳಿಯ ಬಾವಿಗಳಲ್ಲಿ ಈಜು ಕಲಿಯುವಾಗ ಕಟ್ಟುತ್ತಿದ್ದ ಸೋರೆಬುರುಡೆ, ಬೆಂಡುಗಳನ್ನು ನೆನೆದು ಎರಡು ಬುರುಡೆ ತಂದು ಬಿಟ್ಟೆವು. ಮಕ್ಕಳಿಗೆ ಬಲು ಇಷ್ಟವಾಯಿತು, ಕ್ಲೋರಿನ್ ನೀರಿಗೆ ಸಿಪ್ಪೆ ಮೆತ್ತಗಾಗಿ ಹತ್ತೇ ದಿನಕ್ಕೆ ನಾರು ಬಿಡತೊಡಗಿ ಫಿಲ್ಟರ್ ಬುಟ್ಟಿ ತುಂಬಿತು. ಬಾವಿಗೆ ಸರಿ, ಕೊಳಕ್ಕಲ್ಲ.

ಗುರುತು ಹಾಕುವ ಪ್ರಯೋಗಗಳಿಗೆ ಒಂದು ಇಡೀ ಬೇಸಿಗೆ ಹೋಗಿದೆ. ಪರ್ಮನೆಂಟ್ ಮಾರ್ಕರ್ ನಂಬಬೇಡಿ, ಒಂದು ವಾರ. ಸಿಲಿಕಾನ್ ಕ್ಯಾಪಿನ ಮೇಲೆ ಶಾಯಿ, ಸ್ಟಿಕರ್, ನೇಲ್ ಪಾಲಿಷ್ ಯಾವುದೂ ಕಚ್ಚುವುದಿಲ್ಲ. ಸಿಲಿಕಾನಿಗೆ ಅಂಟುವುದು ಸಿಲಿಕಾನ್ ಒಂದೇ. ಮೆಕ್ಯಾನಿಕ್ ಅಂಗಡಿಯಲ್ಲಿ ಎಂಜಿನ್ನಿಗೆ ಹಚ್ಚುವ ಕೆಂಪು ಗ್ಯಾಸ್ಕೆಟ್ ಸಿಲಿಕಾನ್ ಟ್ಯೂಬ್ ಸಿಗುತ್ತದೆ. ಕ್ಯಾಪಿನ ಪೌಡರ್ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊರಬದಿಗೆ ಕಡಲೆಕಾಳಿನಷ್ಟು ಚುಕ್ಕೆ ಇಟ್ಟು ಒಂದು ದಿನ ಪೂರ್ತಿ ಒಣಗಿಸಿ. ಎರಡು ಚುಕ್ಕೆ, ಮೂರು ಚುಕ್ಕೆ, ಸಾಲು, ತ್ರಿಕೋನ, ಹೀಗೆ ಮನೆಗೊಂದು ಗುರುತು. ಒಂದು ಟ್ಯೂಬಿನಲ್ಲಿ ಇಡೀ ಲೇಔಟಿನ ಕ್ಯಾಪ್ ಮುಗಿಯಿತು. ಈ ಉಪಾಯ ನಾನು ಬೇರೆ ಯಾವ ಕೊಳದಲ್ಲೂ ನೋಡಿಲ್ಲ.

ಗಾಗಲ್ಸಿಗೆ ಪಟ್ಟಿಯ ತುದಿಯಲ್ಲಿ ಗುರುತು. ಮೊದಲು ದನದ ಕಿವಿಗೆ ಕಚ್ಚು ಹಾಕುವ ಹಾಗೆ ಕತ್ತರಿಯಲ್ಲಿ ಮೂಲೆ ಕತ್ತರಿಸಿದೆವು, ಚೂಪಾದ ಮೂಲೆಯಿಂದ ಪಟ್ಟಿ ಹರಿಯುತ್ತಾ ಹೋಯಿತು. ದುಂಡನೆಯ ತೂತಿನಿಂದ ಹರಿಕೆ ಶುರುವಾಗುವುದಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಇರುವ 3 ಮಿ.ಮೀ. ಪಂಚಿನಲ್ಲಿ ಬಕಲ್ಲಿನಿಂದ ಹೊರಗೆ ಉಳಿಯುವ ತುದಿಗೆ ಮಾತ್ರ, ಅಂಚಿನಿಂದ ಸ್ವಲ್ಪ ಒಳಗೆ ಹೊಡೆಯಿರಿ. ಗಾಜಿನ ಮೇಲೆ ಪೇಂಟ್ ಮಾರ್ಕರ್ ಬೇಡವೇ ಬೇಡ, ಅದರ ದ್ರಾವಕಕ್ಕೆ ಆ ಗಾಜಿನ ಪ್ಲಾಸ್ಟಿಕ್, ಅಂದರೆ ಪಾಲಿಕಾರ್ಬೊನೇಟ್, ಸಣ್ಣಗೆ ಬಿರುಕು ಬಿಡುತ್ತದೆ. ಫೋಮ್ ಕಿಕ್‌ಬೋರ್ಡಿಗೆ ಬೆಸುಗೆ ಕಡ್ಡಿ ಕಾಯಿಸಿ ಎರಡು ಮಿ.ಮೀ. ಆಳಕ್ಕೆ ನಂಬರ್ ಸುಟ್ಟರೆ ಬೋರ್ಡ್ ಇರುವವರೆಗೂ ಇರುತ್ತದೆ. ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಿ.

ಟವೆಲ್ಲಿಗೆ ಅಗಸರ ಗುರುತು ಹಾಕೋಣವೆಂದು ಕರಿಗೇರು ಬೀಜದ ರಸ ತಂದದ್ದು ದೊಡ್ಡ ತಪ್ಪು. ಗುರುತೇನೋ ಬಟ್ಟೆ ಹರಿದರೂ ಹೋಗದು, ಆದರೆ ಆ ರಸ ತಾಗಿದ ಚರ್ಮ ಕೆಲವರಿಗೆ ಬೊಕ್ಕೆ ಏಳುತ್ತದೆ. ಒದ್ದೆ ಮೈಗೆ ಉಜ್ಜುವ ಬಟ್ಟೆಗೆ ಅದು ಸಲ್ಲದು. ಈಗ ಪಾಲಿಯೆಸ್ಟರ್ ದಾರದಲ್ಲಿ ನಂಬರ್ ಹೊಲಿಸುತ್ತೇವೆ, ಹತ್ತಿ ದಾರದ ಬಣ್ಣ ಕ್ಲೋರಿನ್ನಿಗೆ ಬಿಳಿಚಿಕೊಳ್ಳುತ್ತದೆ.

ಟವೆಲ್ ಮತ್ತು ಬಾಟಲಿಗೆ ಎರವಲಿಲ್ಲ. ಹುಳುಕಡ್ಡಿ, ಹೇನು, ಕಣ್ಣುಬೇನೆ ಹೀಗೇ ಮನೆಯಿಂದ ಮನೆಗೆ ನಡೆಯುವುದು. ಸಾರ್ವಜನಿಕ ಗಾಗಲ್ಸನ್ನು ಪ್ರತಿ ವಿರಾಮದಲ್ಲಿ ಇಪ್ಪತ್ತು ಲೀಟರ್ ಬಕೆಟ್ಟಿಗೆ ಹತ್ತು ಪರ್ಸೆಂಟಿನ ಲಿಕ್ವಿಡ್ ಕ್ಲೋರಿನ್ 20 ಎಂ.ಎಲ್. ಹಾಕಿ ಹತ್ತು ನಿಮಿಷ ನೆನೆಸಿ, ಒಳ್ಳೆಯ ನೀರಿನಲ್ಲಿ ಜಾಲಿಸುತ್ತೇವೆ. ಬೇಸಿಗೆಯಲ್ಲಿ ಕ್ಯಾನ್ ಹಳೆಯದಾದಂತೆ ಶಕ್ತಿ ಇಳಿಯುತ್ತದೆ, ತಿಂಗಳು ದಾಟಿದ ಕ್ಯಾನಿನಿಂದ ಒಂದೂವರೆ ಪಟ್ಟು ಹಾಕಬೇಕು. ಒಳಗಾಜನ್ನು ಬೆರಳಿನಿಂದ ಉಜ್ಜಿದರೆ ಮಂಜು ಹಿಡಿಯದ ಲೇಪ ಹೋಗುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ, ಅದಕ್ಕೆ ವಾರಕ್ಕೊಮ್ಮೆ ನಿಂಬೆರಸ ಹಿಂಡಿದ ನೀರು.

ಬೇಕೆಂದೇ ತೆಗೆದುಕೊಳ್ಳುವ ಆ ಮೂರು ನಾಲ್ಕು ಮಕ್ಕಳ ಮಾತು. ನಾಲ್ಕೈದು ವರ್ಷದ ಮಗುವಿಗೆ ಕೈಯಲ್ಲಿರುವುದೆಲ್ಲ ತನ್ನದೇ. ಅದಕ್ಕೆ ಬೇಕಾದದ್ದು ನೆರಳಿನ ಆಕಾರ ಮತ್ತು ಹತ್ತು ಸಲ ಹೇಳುವ ತಾಳ್ಮೆ. ಏಳು ತುಂಬದ ಮಗು ಮಾಡಿದ್ದು ಯಾವುದೂ ಅಪರಾಧವಾಗದು ಎಂದು ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನಲ್ಲೇ ಇದೆ. ಒಂದು ಗಾಗಲ್ಸಿಗೆ ಪೊಲೀಸರನ್ನು ಕರೆಯುತ್ತೇನೆ ಎಂದ ದೊಡ್ಡವರೊಬ್ಬರಿಗೆ ಇದನ್ನು ಓದಿ ಹೇಳಬೇಕಾಯಿತು. ಎಂಟರಿಂದ ಹನ್ನೆರಡರವರಿಗೆ ಗೊತ್ತಿರುತ್ತದೆ, ಗೊತ್ತಿದ್ದೂ ತೆಗೆದುಕೊಂಡಿರುತ್ತಾರೆ. ಅವರಿಗೆ ವಾಪಸ್ ಕೊಡುವ ದಾರಿ ಯಾರ ಕಣ್ಣಿಗೂ ಬೀಳದಂತಿರಬೇಕು. ಗೇಟಿನ ಪಕ್ಕ, ಕ್ಯಾಮೆರಾದ ನೋಟ ತಲುಪದ ಗೋಡೆಗೆ, ಅಂಚೆ ಡಬ್ಬಿಯಂಥ ಪೆಟ್ಟಿಗೆ ಹಾಕಿದ್ದೇವೆ. ಬಾಯಿ 22 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ, ಒಳಗೆ ಹಳೆಯ ಬೆಡ್‌ಶೀಟ್ ಮಡಿಸಿ ಹಾಸಿದೆ, ಬಿದ್ದ ಸದ್ದು ಕೇಳಬಾರದು. ಮೊದಲು ಪಾರದರ್ಶಕ ಮುಚ್ಚಳ ಹಾಕಿದ್ದೆವು, ಒಂದು ಸಾಮಾನೂ ಬರಲಿಲ್ಲ. ತಗಡಿಗೆ ಬದಲಿಸಿದ ವಾರದಲ್ಲಿ ಆರು ಗಾಗಲ್ಸ್, ಒಂದು ಕೈಗಡಿಯಾರ, ಎರಡು ವರ್ಷದ ಹಿಂದೆ ಕಳೆದಿದ್ದ ಒಂದು ಫಿನ್ ಬಂದವು. ಫಿನ್ ಆ ಬಾಯಲ್ಲಿ ಹಿಡಿಸುವುದಿಲ್ಲ, ಪೆಟ್ಟಿಗೆಯ ಮೇಲೆ ಒರಗಿಸಿ ಇಟ್ಟಿತ್ತು.

ನಮ್ಮಲ್ಲಿ ಕೆಲಸದವರು "ಯಾರು ತಗೊಂಡಿದ್ದು?" ಎಂದು ಕೇಳುವುದಿಲ್ಲ. "ಇದು ಎಲ್ಲಿರಬೇಕಿತ್ತು ಪುಟ್ಟ?" ಎಂದು ಕೇಳುತ್ತಾರೆ. ಮಗು ಗೂಟ ತೋರಿಸುತ್ತದೆ, ತಾನೇ ಹೋಗಿ ತೂಗುಹಾಕುತ್ತದೆ, ಮುಗಿಯಿತು. ಕಳ್ಳ ಎಂಬ ಮಾತನ್ನು ಕೊಳದ ಒಳಗೆ ಆಡಿದ ದೊಡ್ಡವರಿಗೆ ಆ ದಿನ ಹೊರಗಿನ ಬೆಂಚು. ಪದೇ ಪದೇ ತೆಗೆಯುವ ಮಗುವಿನ ಹತ್ತಿರ ಹೆಚ್ಚಿನ ಸಲ ಸ್ವಂತದ್ದೇ ಇರುವುದಿಲ್ಲ. ಸಾರ್ವಜನಿಕ ಗಾಗಲ್ಸನ್ನು ಆರರಿಂದ ಹತ್ತಕ್ಕೆ ಏರಿಸಿದ್ದು ಇದಕ್ಕೇ. ಒಂದಕ್ಕೆ ₹220ರಂತೆ ₹880 ಆಯಿತು, ಇಡೀ ಯೋಜನೆಯಲ್ಲಿ ಇಷ್ಟು ಫಲ ಕೊಟ್ಟ ಖರ್ಚು ಇನ್ನೊಂದಿಲ್ಲ.

ಬೆಳಗಿನ ಕೋಚಿಂಗ್ ಬ್ಯಾಚಿನ ದೊಡ್ಡ ಮಕ್ಕಳಿಗೆ ಈ ಗೂಡು ಇನ್ನೂ ಹೊಂದಿಲ್ಲ. ಸೈಕಲ್ ಮೇಲೆ ಶೂ ಹಾಕಿಕೊಂಡು ಬರುತ್ತಾರೆ, 20 ಸೆಂ.ಮೀ. ಗೂಡಿನಲ್ಲಿ ಅದು ಹಿಡಿಸುವುದಿಲ್ಲ. ಒಂದೇ ಶೂ ಇಟ್ಟುಕೊಂಡು ಬಿಲ್ಲೆ ಕೊಟ್ಟು ನೋಡಿದೆವು, ಇನ್ನೊಂದು ಅದಲು ಬದಲಾಯಿತು. 28 ಸೆಂ.ಮೀ. ಅಗಲದ ಎಂಟು ಗೂಡಿನ ಇನ್ನೊಂದು ಸಾಲು ಹಾಕಿಸುತ್ತಿದ್ದೇವೆ, ಬಡಗಿ ₹1,600 ಹೇಳಿದ್ದಾನೆ. ದಸರಾ ರಜೆಗೆ ಮೊದಲು ಮುಗಿಯಬೇಕು.